ಏಳಕ್ಕೆ ಮನೆ, ಎಂಟಕ್ಕೆ ಊಟ: ಕೆಲಸಕ್ಕೆ ಹೋಗುವ ಅಪ್ಪ ಅಮ್ಮಂದಿರು ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಮನೆಯಲ್ಲಿ ಇಬ್ಬರು ಮಕ್ಕಳು. ದೊಡ್ಡವಳಿಗೆ ಆರು ವರ್ಷ, ಚಿಕ್ಕವನಿಗೆ ಈಗಷ್ಟೇ ಎರಡು ದಾಟಿದೆ. ನಾನು, ನನ್ನ ಗಂಡ ಇಬ್ಬರೂ ಕೆಲಸಕ್ಕೆ ಹೋಗುವವರು. ಬೆಂಗಳೂರಿನ ಟ್ರಾಫಿಕ್ ದಾಟಿ, ಡೇಕೇರಿನಿಂದ ಮಕ್ಕಳನ್ನು ಕರೆದುಕೊಂಡು ಮನೆ ಬಾಗಿಲು ತೆಗೆಯುವಾಗ ಏಳು ಹತ್ತು ಆಗಿರುತ್ತದೆ. ನನ್ನ ತವರು ತೀರ್ಥಹಳ್ಳಿ ಕಡೆ, ಅವರದು ಧಾರವಾಡ ಕಡೆ. ಹಾಗಾಗಿ ನಮ್ಮ ಅಡುಗೆಮನೆಯಲ್ಲಿ ತಂಬುಳಿಗೂ ಜಾಗ ಇದೆ, ಕಡಕ್ ರೊಟ್ಟಿಗೂ ಜಾಗ ಇದೆ. ಆಫೀಸಿನ ಗೆಳತಿಯರು, ಅಪಾರ್ಟ್‌ಮೆಂಟಿನಲ್ಲಿ ಹೊಸದಾಗಿ ಅಮ್ಮ ಆದವರು ಕೇಳಿದ್ದನ್ನೇ ಮತ್ತೆ ಮತ್ತೆ ಕೇಳುತ್ತಿರುತ್ತಾರೆ. ಎಲ್ಲರಿಗೂ ಒಂದೇ ಕಡೆ ಉತ್ತರ ಬರೆದಿಟ್ಟಿದ್ದೇನೆ.

ಏಳಕ್ಕೆ ಬಂದು ಎಂಟರೊಳಗೆ ಬಿಸಿ ಊಟ ಹಾಕೋಕೆ ನಿಜವಾಗಲೂ ಆಗುತ್ತಾ?

ಆಗುತ್ತದೆ. ಆದರೆ ಬಾಗಿಲು ತೆಗೆಯುವ ಹೊತ್ತಿಗೆ "ಇವತ್ತು ಏನು ಅಡುಗೆ" ಅನ್ನೋದು ತೀರ್ಮಾನ ಆಗಿರಬೇಕು. ನಮ್ಮನ್ನು ಸುಸ್ತು ಮಾಡುವುದು ಒಲೆ ಅಲ್ಲ, ಆ ಪ್ರಶ್ನೆ. ಮೊದಲೆಲ್ಲ ನಾನು ಬ್ಯಾಗು ಹೆಗಲಲ್ಲೇ ಇಟ್ಟುಕೊಂಡು ಫ್ರಿಜ್ ಬಾಗಿಲು ತೆಗೆದು ನಿಂತುಬಿಡುತ್ತಿದ್ದೆ. ಅರ್ಧ ಬೀಟ್‌ರೂಟ್, ಬಾಡಿದ ಕೊತ್ತಂಬರಿ, ನಿನ್ನೆಯ ಪಲ್ಯ ಎರಡು ಚಮಚ. ನೋಡುತ್ತಾ ನಿಂತರೆ ಹದಿನೈದು ನಿಮಿಷ ಹೋಗುತ್ತಿತ್ತು. ಅಷ್ಟರಲ್ಲಿ ಚಿಕ್ಕವನ ಅಳು ಶುರು.

ಈಗ ಮನೆಗೆ ಬಂದ ತಕ್ಷಣ ಕೈ ತೊಳೆದು ಮೊದಲು ಕುಕ್ಕರ್ ಇಡುತ್ತೇನೆ. ಬಟ್ಟೆ ಬದಲಾಯಿಸುವುದು, ಮಕ್ಕಳ ಕೈಕಾಲು ತೊಳೆಸುವುದು ಎಲ್ಲ ಅದಾದ ಮೇಲೆ. ಏಳು ಕಾಲಿಗೆ ಕುಕ್ಕರ್ ಒಲೆ ಮೇಲಿದ್ದರೆ ಏಳೂವರೆಗೆ ಕೂಗಿ ಮುಗಿಯುತ್ತದೆ. ಆವಿ ತಾನಾಗಿ ಇಳಿಯಲು ಹತ್ತು ನಿಮಿಷ. ಒಗ್ಗರಣೆ ಹಾಕಿ ಏಳು ಮುಕ್ಕಾಲಿಗೆ ತಟ್ಟೆ ಹಾಕಬಹುದು.

ವಾರದ ಪಟ್ಟಿ ಮಾಡ್ಕೊಳ್ಳಿ ಅಂತ ಎಲ್ಲರೂ ಹೇಳ್ತಾರೆ. ಎರಡು ವಾರ ಮಾಡಿ ಬಿಟ್ಟುಬಿಟ್ಟೆ. ಏನು ತಪ್ಪು?

ಪಟ್ಟಿ ತುಂಬ ಚೆನ್ನಾಗಿತ್ತು ಅನಿಸುತ್ತೆ. ಸೋಮವಾರ ಪಾಲಕ್ ಪನೀರ್, ಮಂಗಳವಾರ ವೆಜಿಟಬಲ್ ಕುರ್ಮ ಅಂತೆಲ್ಲ ಬರೆದರೆ ಬುಧವಾರದ ಹೊತ್ತಿಗೆ ಪಟ್ಟಿ ಹರಿದು ಹೋಗುತ್ತದೆ. ಅಡುಗೆಯ ಹೆಸರು ಬರೆಯಬೇಡಿ, ಜಾತಿ ಬರೆಯಿರಿ. ನಮ್ಮ ಮನೆಯದು ಹೀಗಿದೆ: ಸೋಮವಾರ ಅನ್ನ ಸಾರು. ಮಂಗಳವಾರ ರೊಟ್ಟಿ ಅಥವಾ ಚಪಾತಿ. ಬುಧವಾರ ಒಂದೇ ಪಾತ್ರೆಯದು, ಅಂದರೆ ಹುಗ್ಗಿ, ಬಿಸಿಬೇಳೆಬಾತ್, ತರಕಾರಿ ಹಾಕಿದ ಉಪ್ಪಿಟ್ಟು. ಗುರುವಾರ ದೋಸೆ. ಶುಕ್ರವಾರ ಒಲೆಗೆ ಅರ್ಧ ರಜೆ.

ಸೋಮವಾರ ಯಾವ ಸಾರು ಅನ್ನೋದು ಮನೆಯಲ್ಲಿ ಏನಿದೆ ಅನ್ನೋದರ ಮೇಲೆ. ಟೊಮೆಟೊ ಇದ್ದರೆ ತಿಳಿಸಾರು, ಸೊಪ್ಪಿದ್ದರೆ ಮಸ್ಸೊಪ್ಪು. ಪ್ರತಿ ವಾರ ಅದೇ ಆದರೆ ಮಕ್ಕಳಿಗೆ ಬೇಜಾರಾಗಲ್ವಾ ಅಂತ ಕೇಳುತ್ತಾರೆ. ಇಲ್ಲ. ಗುರುವಾರ ದೋಸೆ ಇಲ್ಲ ಅಂದರೆ ನನ್ನ ಮಗಳಿಗೆ ಬೇಜಾರು.

ಭಾನುವಾರ ಏನೇನು ಮಾಡಿಟ್ಟುಕೊಳ್ಳಬಹುದು?

ಇಡೀ ಭಾನುವಾರ ಅಡುಗೆಮನೆಯಲ್ಲಿ ಕಳೆಯಬೇಡಿ. ನಾನು ಒಂದು ಗಂಟೆ ಕೊಡುತ್ತೇನೆ, ಅದಕ್ಕಿಂತ ಜಾಸ್ತಿ ಇಲ್ಲ. ನಿಜವಾಗಲೂ ಉಪಯೋಗಕ್ಕೆ ಬರುವುದು ಇಷ್ಟು.

ಎರಡು ತೆಂಗಿನಕಾಯಿ ತುರಿದು ಚಿಕ್ಕ ಚಿಕ್ಕ ಡಬ್ಬಿಗಳಲ್ಲಿ ಫ್ರೀಜರಿಗೆ. ದೊಡ್ಡ ಡಬ್ಬಿಯಲ್ಲಿಟ್ಟರೆ ಕಲ್ಲಾಗುತ್ತದೆ, ಒಂದು ಹಿಡಿಗೆ ಚಾಕು ಹಾಕಿ ಕೆತ್ತಬೇಕಾಗುತ್ತದೆ. ಬನ್ಸಿ ರವೆ ಹುರಿದು ಆರಿಸಿ ಡಬ್ಬಿಗೆ. ರವೆ ಹುರಿದಿದ್ದರೆ ಉಪ್ಪಿಟ್ಟು ಹದಿನೈದು ನಿಮಿಷದ ಕೆಲಸ. ಬೆಳ್ಳುಳ್ಳಿ ಸುಲಿದು ಒಂದು ಬಾಟಲಿ. ಹೆಸರುಕಾಳು ಅಥವಾ ಹುರುಳಿಕಾಳು ನೆನೆಸಿ ಮೊಳಕೆಗೆ ಕಟ್ಟುವುದು. ದೋಸೆಗೆ ಅಕ್ಕಿ, ಉದ್ದು ನೆನೆಸಿದರೆ ಬುಧವಾರ ರಾತ್ರಿ ರುಬ್ಬುವ ಬದಲು ಭಾನುವಾರವೇ ರುಬ್ಬಿ, ಹುಳಿ ಬಂದ ಮೇಲೆ ಫ್ರಿಜ್ಜಿಗೆ. ಗುರುವಾರದ ತನಕ ಚೆನ್ನಾಗಿಯೇ ಇರುತ್ತದೆ, ಸ್ವಲ್ಪ ಹುಳಿ ಜಾಸ್ತಿ ಆಗಿರುತ್ತದೆ ಅಷ್ಟೇ.

ಹುಣಸೆ ಗೊಜ್ಜು ತಿಂಗಳಿಗೊಮ್ಮೆ ಸಾಕು. ಹುಣಸೆ ರಸ, ಬೆಲ್ಲ, ಪುಳಿಯೋಗರೆ ಪುಡಿ, ಎಣ್ಣೆ ಬಿಡುವ ತನಕ ಕುದಿಸಿದರೆ ಆಯಿತು. ಅನ್ನಕ್ಕೂ ಬರುತ್ತದೆ, ಅವಲಕ್ಕಿಗೂ ಬರುತ್ತದೆ.

ಸೊಪ್ಪು ಬಿಡಿಸಿಡಿ, ಆದರೆ ತೊಳೆಯಬೇಡಿ. ಒಣ ಹತ್ತಿ ಬಟ್ಟೆಯಲ್ಲಿ ಸುತ್ತಿ ಫ್ರಿಜ್ಜಿನಲ್ಲಿಟ್ಟರೆ ಮೂರು ನಾಲ್ಕು ದಿನ ಬಾಡುವುದಿಲ್ಲ. ತೊಳೆದಿಟ್ಟ ಸೊಪ್ಪು ಎರಡನೇ ದಿನವೇ ಲೋಳೆ. ತರಕಾರಿಯಲ್ಲಿ ಬೀನ್ಸ್, ಕ್ಯಾರೆಟ್ ಹೆಚ್ಚಿಡಬಹುದು. ಬದನೆಕಾಯಿ, ಆಲೂಗಡ್ಡೆ ಹೆಚ್ಚಿಡಬೇಡಿ, ಕಪ್ಪಾಗುತ್ತವೆ. ಈರುಳ್ಳಿ ಹೆಚ್ಚಿಟ್ಟರೆ ಇಡೀ ಫ್ರಿಜ್ಜು, ಅದರಲ್ಲಿರುವ ಹಾಲು ಸಮೇತ, ಈರುಳ್ಳಿ ವಾಸನೆ.

ಒಂದೇ ಕುಕ್ಕರಿನಲ್ಲಿ ಅನ್ನ, ಬೇಳೆ, ತರಕಾರಿ ಎಲ್ಲ ಹೇಗೆ ಬೇಯಿಸೋದು? ನನಗೆ ಒಂದು ಬೆಂದರೆ ಇನ್ನೊಂದು ಬೇಯಲ್ಲ.

ಐದು ಲೀಟರಿನ ಕುಕ್ಕರ್, ಅದರೊಳಗೆ ಹಿಡಿಸುವ ಎರಡು ಡಬ್ಬಿ ಪಾತ್ರೆ ಇದ್ದರೆ ಸಾಕು. ಬೇಳೆ ಕೆಳಗೆ, ಅನ್ನ ಮೇಲೆ. ಇದು ತಿರುಗಿದರೇ ನೀವು ಹೇಳುವ ತೊಂದರೆ.

ಅರ್ಧ ಲೋಟ ತೊಗರಿಬೇಳೆ ತೊಳೆದು ನೀರು ಹಾಕಿ ಬೆಳಿಗ್ಗೆಯೇ ಫ್ರಿಜ್ಜಿನಲ್ಲಿಟ್ಟು ಹೋಗಿ. ಹೊರಗಿಡಬೇಡಿ, ಏಪ್ರಿಲ್ ಬಿಸಿಲಿಗೆ ಸಂಜೆಯೊಳಗೆ ನೊರೆ ಬಂದಿರುತ್ತದೆ. ಸಂಜೆ ಆ ಬೇಳೆಗೆ ಚಿಟಿಕೆ ಅರಿಸಿನ, ನಾಲ್ಕು ಹನಿ ಎಣ್ಣೆ, ಒಂದು ಹೆಚ್ಚಿದ ಟೊಮೆಟೊ. ಉಪ್ಪು ಈಗ ಬೇಡ. ಹುಣಸೆಯಂತೂ ಬೇಡವೇ ಬೇಡ, ಹುಳಿ ಬಿದ್ದರೆ ಬೇಳೆ ಬೇಯಲು ತಡ ಮಾಡುತ್ತದೆ. ಟೊಮೆಟೊ ಒಂದು ಪರವಾಗಿಲ್ಲ, ಬೇಳೆ ನೆನೆದಿರುತ್ತದಲ್ಲ. ಕುಕ್ಕರಿನ ತಳಕ್ಕೆ ಎರಡು ಬೆರಳು ನೀರು. ಬೇಳೆ ಪಾತ್ರೆ ಇಟ್ಟು, ಅದರ ಮೇಲೆ ಒಂದು ತಟ್ಟೆ, ಅದರ ಮೇಲೆ ಅಕ್ಕಿ ಪಾತ್ರೆ. ಅಕ್ಕಿ ಒಂದು ಲೋಟಕ್ಕೆ ನೀರು ಎರಡೂವರೆ ಲೋಟ, ಮಕ್ಕಳಿಗೆ ಮೆತ್ತಗಿರಬೇಕಲ್ಲ. ಕ್ಯಾರೆಟ್, ಬೀನ್ಸ್, ಸೀಮೆಬದನೆಕಾಯಿ ಇದ್ದರೆ ಬೇಳೆ ಜೊತೆಗೇ ಹಾಕಿಬಿಡಿ. ನಾಲ್ಕು ಸಲ ಕೂಗಿಸಿ ಆರಿಸಿ.

ಮುಚ್ಚಳ ತೆಗೆದ ಮೇಲೆ ಬೇಳೆ ಮೇಲಿನ ತಿಳಿ, ಕಟ್ಟು ಅಂತೀವಲ್ಲ, ಅದನ್ನು ಒಂದು ಸೌಟು ತೆಗೆದಿಡಿ. ಚಿಕ್ಕವನ ಊಟ ಅಲ್ಲಿಂದಲೇ. ಉಳಿದದ್ದಕ್ಕೆ ಸಾರಿನ ಪುಡಿ, ಹುಣಸೆ, ಉಪ್ಪು, ಒಂದು ಚೂರು ಬೆಲ್ಲ ಹಾಕಿ ಐದು ನಿಮಿಷ ಕುದಿಸಿ. ತುಪ್ಪದಲ್ಲಿ ಸಾಸಿವೆ, ಇಂಗು, ಕರಿಬೇವು. ಮುಗೀತು.

ಮಗುವಿಗೆ ಬೇರೆ ಅಡುಗೆ, ನಮಗೆ ಬೇರೆ ಅಡುಗೆ ಮಾಡಬೇಕಾ?

ಬೇಡ. ಒಂದೇ ಅಡುಗೆ ಮಾಡಿ, ಖಾರ ಬೀಳುವ ಮೊದಲು ಮಗುವಿನ ಪಾಲು ತೆಗೆದಿಡಿ. ಇದು ಒಂದನ್ನು ಅಭ್ಯಾಸ ಮಾಡಿಕೊಂಡರೆ ಅರ್ಧ ಕಷ್ಟ ಕಡಿಮೆ. ಸಾರಿಗೆ ಪುಡಿ ಹಾಕುವ ಮೊದಲು ಒಂದು ಬಟ್ಟಲು. ಪಲ್ಯಕ್ಕೆ ಮೆಣಸಿನಕಾಯಿ ಬೆರೆಸುವ ಮೊದಲು ಎರಡು ಚಮಚ. ಬಿಸಿಬೇಳೆಬಾತಿಗೆ ಪುಡಿ ಹಾಕುವ ಮೊದಲು ಅದು ಬರೀ ಬೇಳೆ, ಅನ್ನ, ತರಕಾರಿ. ಅದಕ್ಕೆ ತುಪ್ಪ, ಜೀರಿಗೆ ಹಾಕಿದರೆ ಮಗುವಿನ ಹುಗ್ಗಿ.

ಮಗು ಬೆಳೆದಂತೆ ತೆಗೆದಿಡುವ ಹೊತ್ತನ್ನು ಸ್ವಲ್ಪ ಸ್ವಲ್ಪ ಮುಂದಕ್ಕೆ ಹಾಕಿ. ಮೊದಲು ಕಾಲು ಚಮಚ ಸಾರಿನ ಪುಡಿ ಹಾಕಿ ತೆಗೆಯಿರಿ, ಆಮೇಲೆ ಅರ್ಧ ಹಾಕಿ. ನನ್ನ ಮಗಳು ಐದನೇ ವರ್ಷಕ್ಕೆ ನಮ್ಮ ಸಾರನ್ನೇ ಊಟ ಮಾಡತೊಡಗಿದಳು. ಈಗ ಅವರಜ್ಜಿಯ ಶೇಂಗಾ ಚಟ್ನಿಪುಡಿ ಕದ್ದು ತಿನ್ನುತ್ತಾಳೆ.

ಒಂದು ಎಚ್ಚರಿಕೆ. ಅವಲಕ್ಕಿ, ಚಿತ್ರಾನ್ನ, ಪುಳಿಯೋಗರೆಯಲ್ಲಿ ಇಡೀ ಕಡಲೆಕಾಯಿ ಬೀಜ ಬರುತ್ತದೆ. ಐದು ವರ್ಷದೊಳಗಿನ ಮಕ್ಕಳಿಗೆ ಇಡೀ ಬೀಜ ಕೊಡಬೇಡಿ, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಆರಿಸಿ ತೆಗೆಯಿರಿ, ಇಲ್ಲಾಂದ್ರೆ ಪುಡಿ ಮಾಡಿ ಹಾಕಿ. ದ್ರಾಕ್ಷಿಯನ್ನೂ ಇಡಿಯಾಗಿ ಕೊಡದೆ ಉದ್ದಕ್ಕೆ ಸೀಳಿ ಕೊಡಿ. ಒಗ್ಗರಣೆಯ ಕಡಲೆಬೇಳೆ, ಒಣಮೆಣಸಿನ ಚೂರಿನ ಮೇಲೂ ಒಂದು ಕಣ್ಣಿರಲಿ.

ಒಲೆ ಹಚ್ಚೋಕೂ ಮನಸ್ಸಿಲ್ಲದ ದಿನ ಏನು ಮಾಡ್ತೀರಿ?

ಮೊಸರವಲಕ್ಕಿ. ತೆಳು ಅವಲಕ್ಕಿಯನ್ನು ಒಂದು ಸಲ ತೊಳೆದು ಹಿಂಡಿ, ಮೊಸರು, ಸ್ವಲ್ಪ ಹಾಲು, ಉಪ್ಪು, ತುರಿದ ಸೌತೆಕಾಯಿ. ದಾಳಿಂಬೆ ಇದ್ದರೆ ಮಕ್ಕಳು ಚಕಾರ ಎತ್ತಲ್ಲ. ಒಗ್ಗರಣೆ ಹಾಕಿದರೆ ಚೆಂದ, ಹಾಕದಿದ್ದರೂ ನಡೆಯುತ್ತದೆ.

ಬೆಳಗಿನ ಅನ್ನ ಫ್ರಿಜ್ಜಿನಲ್ಲಿದ್ದರೆ ತಂಬುಳಿ. ನಮ್ಮ ಮಲೆನಾಡಿನಲ್ಲಿ ಊಟಕ್ಕೆ ಮೊದಲು ತಂಬುಳಿಯೇ ಬೀಳಬೇಕು. ಬಾಲ್ಕನಿಯ ಕುಂಡದಲ್ಲಿ ದೊಡ್ಡಪತ್ರೆ ಬೆಳೆದಿದ್ದೇನೆ. ಯಾರೂ ನೋಡಿಕೊಳ್ಳದಿದ್ದರೂ ಬೆಳೆಯುವ ಗಿಡ ಅದು. ಎಂಟು ಹತ್ತು ಎಲೆ ಕಿತ್ತು, ಅರ್ಧ ಚಮಚ ತುಪ್ಪದಲ್ಲಿ ಜೀರಿಗೆ, ಎರಡು ಕಾಳುಮೆಣಸಿನ ಜೊತೆ ಬಾಡಿಸಿ. ಒಂದು ಹಿಡಿ ಕಾಯಿತುರಿ ಸೇರಿಸಿ ರುಬ್ಬಿ, ಕಡೆದ ಮಜ್ಜಿಗೆಗೆ ಬೆರೆಸಿ ಉಪ್ಪು ಹಾಕಿ. ಕುದಿಸುವ ಹಾಗಿಲ್ಲ. ಬಾಡಿಸಲು ಎರಡು ನಿಮಿಷ ಒಲೆ ಬೇಕು ನಿಜ, ಅದನ್ನು ಒಲೆ ಹಚ್ಚಿದ ಲೆಕ್ಕಕ್ಕೆ ನಾನು ತೆಗೆದುಕೊಳ್ಳಲ್ಲ.

ಹತ್ತು ಹನ್ನೆರಡು ನಿಮಿಷದಲ್ಲಿ ಹೊಟ್ಟೆ ತುಂಬುವಂಥದ್ದು, ಆದರೆ ಅನ್ನ ಅಲ್ಲದ್ದು?

ಝುಣಕ, ರೊಟ್ಟಿ. ಇದು ನನ್ನ ಅತ್ತೆಯ ಕೊಡುಗೆ. ಅವರ ಕಡೆ ಜೋಳದ ಕಡಕ್ ರೊಟ್ಟಿಯನ್ನು ಒಣಗಿಸಿ ಕಟ್ಟು ಕಟ್ಟು ಇಟ್ಟಿರುತ್ತಾರೆ, ವಾರಗಟ್ಟಲೆ ಕೆಡುವುದಿಲ್ಲ. ಬೆಂಗಳೂರಿನಲ್ಲೂ ಈಗ ಉತ್ತರ ಕರ್ನಾಟಕದ ತಿನಿಸಿನ ಅಂಗಡಿಗಳಲ್ಲಿ ಸಿಗುತ್ತದೆ. ಊರಿಂದ ಬರುವಾಗ ನಮ್ಮ ಕಾರಿನ ಹಿಂದಿನ ಸೀಟಲ್ಲಿ ಮಕ್ಕಳಿಗಿಂತ ರೊಟ್ಟಿಗೇ ಜಾಸ್ತಿ ಜಾಗ.

ಒಂದು ಲೋಟ ಕಡಲೆಹಿಟ್ಟಿಗೆ ಎರಡು ಲೋಟ ನೀರು ಹಾಕಿ ಗಂಟಿಲ್ಲದ ಹಾಗೆ ಕದಡಿ. ಬಾಣಲೆಯಲ್ಲಿ ಎಣ್ಣೆ, ಎಣ್ಣೆಗೆ ಜಿಪುಣತನ ಮಾಡಬೇಡಿ. ಸಾಸಿವೆ, ಜೀರಿಗೆ, ಜಜ್ಜಿದ ಬೆಳ್ಳುಳ್ಳಿ, ಕರಿಬೇವು, ಎರಡು ಈರುಳ್ಳಿ. ಈರುಳ್ಳಿ ಮೆತ್ತಗಾದ ಮೇಲೆ ಅರಿಸಿನ, ಉಪ್ಪು. ಕದಡಿದ ಹಿಟ್ಟು ಸುರಿದು ಉರಿ ಸಣ್ಣ ಮಾಡಿ ಕೈ ಬಿಡದೆ ತಿರುವಿ. ಮೊದಲು ಏನೂ ಆಗುವುದಿಲ್ಲ, ನೀರಾಗಿಯೇ ಇರುತ್ತದೆ. ನಾಲ್ಕನೇ ನಿಮಿಷಕ್ಕೆ ಇದ್ದಕ್ಕಿದ್ದ ಹಾಗೆ ಗಟ್ಟಿಯಾಗಿ ಸೌಟಿಗೆ ಅಂಟತೊಡಗುತ್ತದೆ. ಅಲ್ಲಿ ನಿಲ್ಲಿಸಬೇಡಿ, ಹಸಿ ವಾಸನೆ ಇನ್ನೂ ಇರುತ್ತದೆ. ಮುಚ್ಚಳ ಮುಚ್ಚಿ ಮೂರು ನಿಮಿಷ ಬಿಡಿ. ಹಿಟ್ಟು ಬಾಣಲೆಯ ಅಂಚು ಬಿಟ್ಟು, ಬದಿಯಲ್ಲಿ ಎಣ್ಣೆ ಕಾಣಿಸಿಕೊಂಡರೆ ಬೆಂದಿದೆ. ಮಕ್ಕಳ ಪಾಲು ತೆಗೆದ ಮೇಲೆ ನಮ್ಮದಕ್ಕೆ ಕೆಂಪು ಖಾರ.

ಎರಡು ವರ್ಷದವನಿಗೆ ಕಡಕ್ ರೊಟ್ಟಿ ಗಟ್ಟಿ. ಮುರಿದು ಮೊಸರಿನಲ್ಲೋ ಬೇಳೆಯ ಕಟ್ಟಿನಲ್ಲೋ ಹತ್ತು ನಿಮಿಷ ನೆನೆಸಿ ಕೊಡುತ್ತೇನೆ.

ವಾರದ ದಿನ ಮುದ್ದೆ ಆಗದ ಮಾತು ಅಲ್ವಾ?

ನಾನೂ ಹಾಗೇ ಅಂದುಕೊಂಡಿದ್ದೆ. ಮಲೆನಾಡಿನವಳಿಗೆ ಮುದ್ದೆ ತಿರುವುವುದು ಎಲ್ಲಿಂದ ಬರಬೇಕು? ಪಕ್ಕದ ಮನೆಯ ಮಂಡ್ಯದ ಆಂಟಿ ಹೇಳಿಕೊಟ್ಟರು. ಎರಡು ಲೋಟ ನೀರಿಗೆ ಒಂದು ಚಮಚ ರಾಗಿಹಿಟ್ಟು ಕದಡಿ, ಉಪ್ಪು ಹಾಕಿ ಎಸರಿಗಿಡಿ. ಎಸರು ಚೆನ್ನಾಗಿ ಕುದಿಯುವಾಗ ಒಂದು ಲೋಟಕ್ಕಿಂತ ಸ್ವಲ್ಪ ಜಾಸ್ತಿ ಹಿಟ್ಟನ್ನು ನಡುವೆ ಗುಡ್ಡೆಯಾಗಿ ಸುರಿಯಿರಿ. ಕೂಡಲೇ ತಿರುವಬೇಡಿ. ಸಣ್ಣ ಉರಿಯಲ್ಲಿ ನಾಲ್ಕೈದು ನಿಮಿಷ ಹಾಗೇ ಬೇಯಲಿ. ಆಮೇಲೆ ಇಳಿಸಿ, ಪಾತ್ರೆಯನ್ನು ಕಾಲಲ್ಲೋ ಇಕ್ಕಳದಲ್ಲೋ ಭದ್ರ ಹಿಡಿದು ಮುದ್ದೆ ಕೋಲಿನಿಂದ ಗಂಟೊಡೆದು ತಿರುವಿ. ಕೈ ಒದ್ದೆ ಮಾಡಿಕೊಂಡು ಉಂಡೆ ಕಟ್ಟಿ. ಎಲ್ಲ ಸೇರಿ ಹದಿನೈದು ನಿಮಿಷ. ನನ್ನ ಮೊದಲ ಮೂರು ಮುದ್ದೆ ಗಂಟುಗಂಟು, ನಾಲ್ಕನೆಯದು ನುಂಗುವ ಹಾಗಾಯಿತು.

ಜೊತೆಗೆ ಬಸ್ಸಾರು ಮಾಡಿದರೆ ಒಂದು ಬೇಯಿಸುವಿಕೆಯಲ್ಲಿ ಎರಡು ಅಡುಗೆ. ಭಾನುವಾರದ ಮೊಳಕೆಕಾಳು, ಬಿಡಿಸಿಟ್ಟ ದಂಟಿನ ಸೊಪ್ಪು ಬೇಯಿಸಿ ಬಸಿಯಿರಿ. ಬಸಿದ ನೀರು ಸಾರಿಗೆ, ಉಳಿದ ಕಾಳು ಸೊಪ್ಪು ಪಲ್ಯಕ್ಕೆ. ಹುರಿದ ಈರುಳ್ಳಿ, ಬೆಳ್ಳುಳ್ಳಿ, ಕಾಯಿ, ಜೀರಿಗೆ, ಮೆಣಸು, ಸಾರಿನ ಪುಡಿ, ಒಂದು ಹಿಡಿ ಬೆಂದ ಕಾಳು ರುಬ್ಬಿ ಬಸಿದ ನೀರಿಗೆ ಹಾಕಿ ಕುದಿಸಿದರೆ ಸಾರು. ಮರುದಿನ ಇದರ ರುಚಿಯೇ ಬೇರೆ.

100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಅಕ್ಕಿಯಲ್ಲಿ ಹತ್ತಿರ ಹತ್ತಿರ ಇಲ್ಲವೇ ಇಲ್ಲ ಅನ್ನಬಹುದು. ಹಾಲು ಕುಡಿಯದೆ ಹಟ ಮಾಡುವ ಮಕ್ಕಳಿದ್ದರೆ ಇದು ನೆನಪಿರಲಿ. ಮಕ್ಕಳಿಗೆ ಮುದ್ದೆಯನ್ನು ಕಡಲೆ ಗಾತ್ರದ ತುಣುಕು ಮಾಡಿ, ಸಾರಲ್ಲಿ ಅದ್ದಿ ಕೊಡಿ.

ಮಗು ತರಕಾರಿ ಮುಟ್ಟೋದೇ ಇಲ್ಲ. ರುಬ್ಬಿ ಬಚ್ಚಿಟ್ಟು ಕೊಡಬಹುದಾ?

ಕೊಡಬಹುದು. ದೋಸೆ ಹಿಟ್ಟಿಗೆ ಕ್ಯಾರೆಟ್ ತುರಿ, ಚಪಾತಿ ಹಿಟ್ಟಿಗೆ ಬೇಯಿಸಿದ ಪಾಲಕ್, ಇಡ್ಲಿಗೆ ಬೀಟ್‌ರೂಟ್. ಮಗಳು ಗುಲಾಬಿ ಇಡ್ಲಿ ಅಂತ ಕುಣಿದಿದ್ದಳು. ಆದರೆ ಬಚ್ಚಿಡುವುದರ ಜೊತೆಗೆ ತಟ್ಟೆಯಲ್ಲಿ ಕಣ್ಣಿಗೆ ಕಾಣುವ ಹಾಗೂ ಒಂದು ಚಮಚ ಪಲ್ಯ ಇರಲಿ. ತಿನ್ನು ಅಂತ ಒತ್ತಾಯ ಬೇಡ. ಹತ್ತು ಸಲ ಬಿಟ್ಟ ತರಕಾರಿಯನ್ನು ಹನ್ನೊಂದನೇ ಸಲ ಬಾಯಿಗೆ ಹಾಕಿಕೊಳ್ಳುವುದುಂಟು. ಬೀನ್ಸ್ ಪಲ್ಯದ ಜೊತೆ ನನ್ನ ಮಗಳ ರಾಜಿ ಆಗಲು ಒಂದು ವರ್ಷ ಹಿಡಿಯಿತು. ಬದನೆಕಾಯಿ ಜೊತೆ ಇನ್ನೂ ಆಗಿಲ್ಲ. ನನಗೂ ಚಿಕ್ಕಂದಿನಲ್ಲಿ ಬದನೆಕಾಯಿ ಸೇರುತ್ತಿರಲಿಲ್ಲ, ಸುಮ್ನೆ ಅವಳನ್ನು ಬೈದು ಏನು ಪ್ರಯೋಜನ?

ಡಿಸೆಂಬರ್, ಜನವರಿಯಲ್ಲಿ ಸೊನೆ ಅವರೆಕಾಯಿ ಬಂದಾಗ ಮಕ್ಕಳ ಕೈಗೇ ಕೊಟ್ಟುಬಿಡಿ. ಬಿಡಿಸುವ ಆಟದಲ್ಲಿ ಅರ್ಧ ಗಂಟೆ ಟಿವಿ ಕೇಳುವುದಿಲ್ಲ. ತಾವೇ ಬಿಡಿಸಿದ ಕಾಳು ಅಂತ ಉಪ್ಪಿಟ್ಟಿನಲ್ಲಿ ಹುಡುಕಿ ಹುಡುಕಿ ತಿನ್ನುತ್ತಾರೆ.

ಡೇಕೇರಿನಿಂದ ಬರುವಾಗಲೇ ಹಸಿವು ಅಂತ ಅಳು. ಬಿಸ್ಕತ್ತು ಕೊಟ್ಟರೆ ಊಟ ಮಾಡಲ್ಲ.

ಅಳು ನಿಜ, ಹಸಿವೂ ನಿಜ. ನಾಲ್ಕು ಗಂಟೆಗೆ ತಿಂದ ಮಗು ಏಳರ ತನಕ ಹೇಗೆ ತಡೆದೀತು? ಬಿಸ್ಕತ್ತು, ಚಿಪ್ಸಿನ ಬದಲು ಊಟದ ಒಂದು ಭಾಗವನ್ನೇ ಮೊದಲು ಕೊಟ್ಟುಬಿಡಿ. ಕಾರಲ್ಲಿ ಒಂದು ಬಾಳೆಹಣ್ಣು. ಮನೆಗೆ ಬಂದ ಮೇಲೆ ಸೌತೆಕಾಯಿ ಹೋಳು, ಬೇಯಿಸಿದ ಕಾಳು, ಅರ್ಧ ಬಟ್ಟಲು ಮೊಸರು. ಅದನ್ನು ತಿಂದು ಊಟ ಕಡಿಮೆ ಮಾಡಿದರೂ ನಷ್ಟ ಇಲ್ಲ, ತಿಂದದ್ದು ಊಟವೇ.

ಉಳಿದ ಅನ್ನವನ್ನು ಮಕ್ಕಳಿಗೆ ಕೊಡಬಹುದಾ?

ಹೇಗೆ ಇಟ್ಟಿದ್ದೀರಿ ಅನ್ನೋದರ ಮೇಲೆ. ಬೆಳಿಗ್ಗೆ ಮಾಡಿದ ಅನ್ನವನ್ನು ಕುಕ್ಕರಿನಲ್ಲೇ ಮುಚ್ಚಿಟ್ಟು ಸಂಜೆ ತನಕ ಹೊರಗೆ ಬಿಟ್ಟಿದ್ದರೆ ಬೇಡ. ಅಕ್ಕಿಯಲ್ಲಿರುವ ಒಂದು ಜಾತಿಯ ಬ್ಯಾಕ್ಟೀರಿಯಾ ಕುದಿಸಿದರೂ ಪೂರ್ತಿ ಸಾಯುವುದಿಲ್ಲ. ಬೆಚ್ಚಗೆ ಬಿಟ್ಟರೆ ಮತ್ತೆ ಬೆಳೆದು ವಿಷ ಬಿಡುತ್ತದೆ. ಆ ವಿಷ ಆಮೇಲೆ ಬಿಸಿ ಮಾಡಿದರೂ ಹೋಗುವುದಿಲ್ಲ. ವಾಂತಿ, ಭೇದಿ ಎರಡೂ ಶುರುವಾಗಬಹುದು.

ಮಾಡಿದ ಅನ್ನವನ್ನು ಅಗಲ ತಟ್ಟೆಯಲ್ಲಿ ಹರಡಿ ಆರಿಸಿ, ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಇಡಿ. ತಿನ್ನುವ ಮೊದಲು ಹಬೆ ಬರುವಷ್ಟು ಬಿಸಿ ಮಾಡಿ. ಒಂದು ಸಲ ಬಿಸಿ ಮಾಡಿದ್ದು ಉಳಿದರೆ ಮತ್ತೆ ಒಳಗಿಡಬೇಡಿ. ಸಾರು, ಬೇಳೆಗೂ ಇದೇ ಮಾತು. ಮಗು ಚಮಚ ಹಾಕಿ ಎಂಜಲು ಮಾಡಿದ ಬಟ್ಟಲಿನದು ಉಳಿದರೆ ನನ್ನ ಹೊಟ್ಟೆಗೆ. ಹೆಚ್ಚಿನ ಅಮ್ಮಂದಿರ ರಾತ್ರಿ ಊಟ ಅದೇ ಆಗಿರುತ್ತದೆ, ಅದು ಬೇರೆ ವಿಷಯ.

ಅಂಗಡಿಯ ದೋಸೆ ಹಿಟ್ಟು ತರಬಹುದಾ?

ಧಾರಾಳವಾಗಿ. ತಯಾರಾದ ದಿನ ನೋಡಿ ತನ್ನಿ, ಪ್ಯಾಕೆಟ್ ಉಬ್ಬಿದ್ದರೆ ಬಿಡಿ. ಒಮ್ಮೆ ಉಬ್ಬಿದ ಪ್ಯಾಕೆಟನ್ನು ತಂದು ಫ್ರಿಜ್ಜಿನ ಮೇಲಿನ ತಟ್ಟಿನಲ್ಲಿಟ್ಟಿದ್ದೆ. ರಾತ್ರಿ ಬಾಯಿ ಬಿಟ್ಟುಕೊಂಡು ಕೆಳಗಿನ ತರಕಾರಿ ಬುಟ್ಟಿಯ ತನಕ ಹರಿದಿತ್ತು. ಹನ್ನೊಂದು ಗಂಟೆಗೆ ಫ್ರಿಜ್ ತೊಳೆದೆ.

ರುಬ್ಬುವ ತಾಳ್ಮೆ ಇದ್ದರೆ ನೀರುದೋಸೆ ಮಾಡಿ. ಹುಳಿ ಬರಿಸುವ ಕೆಲಸ ಇಲ್ಲ. ಬೆಳಿಗ್ಗೆ ಅಕ್ಕಿ ನೆನೆಸಿ ಹೋದರೆ ಸಂಜೆ ಒಂದು ಹಿಡಿ ಕಾಯಿತುರಿ ಹಾಕಿ ನುಣ್ಣಗೆ ರುಬ್ಬಿ, ನೀರು ನೀರಾಗಿ ಮಾಡಿ ಹೊಯ್ಯುವುದೇ. ಬೆಲ್ಲ ಕಾಯಿ ಇಟ್ಟರೆ ಮಕ್ಕಳಿಗೆ ಪಲ್ಯ ಚಟ್ನಿ ಏನೂ ಬೇಡ.

ಮ್ಯಾಗಿ ಕೊಟ್ಟರೆ ತಪ್ಪಾ?

ತಿಂಗಳಿಗೆ ಒಂದೆರಡು ಸಲಕ್ಕೆ ಆಕಾಶ ಬೀಳಲ್ಲ. ಮಸಾಲೆ ಪ್ಯಾಕೆಟಿನಲ್ಲಿ ಉಪ್ಪು ಜಾಸ್ತಿ, ಅರ್ಧ ಹಾಕಿ. ಬಟಾಣಿ, ಕ್ಯಾರೆಟ್, ಒಂದು ಮೊಟ್ಟೆ ಸೇರಿಸಿ. ಶಾವಿಗೆ ಉಪ್ಪಿಟ್ಟು ಮಾಡಲೂ ಹೆಚ್ಚು ಕಡಿಮೆ ಅಷ್ಟೇ ಹೊತ್ತು ಬೇಕು ಅನ್ನೋದನ್ನು ಮಾತ್ರ ಹೇಳಿಬಿಡುತ್ತೇನೆ.

ಮೊಟ್ಟೆ, ಕೋಳಿ ತಿನ್ನುವವರಿಗೆ?

ಮೊಟ್ಟೆಗಿಂತ ಬೇಗ ಆಗುವ ಊಟ ಯಾವುದಿದೆ? ಬೆಳಿಗ್ಗೆಯೇ ಬೇಯಿಸಿ ಸಿಪ್ಪೆ ಸಮೇತ ಫ್ರಿಜ್ಜಿನಲ್ಲಿಡಿ. ಸಂಜೆ ಈರುಳ್ಳಿ, ಟೊಮೆಟೊ, ಕಾಯಿ ರುಬ್ಬಿದ ಸಾರಿಗೆ ಹಾಕಿದರೆ ಮುದ್ದೆಗೂ ಆಯಿತು, ಚಪಾತಿಗೂ ಆಯಿತು. ಚಿಕ್ಕ ಮಕ್ಕಳಿಗೆ ಹಳದಿ ಭಾಗ ಪೂರ್ತಿ ಗಟ್ಟಿ ಬೆಂದಿರಲಿ. ಕೋಳಿ ಸಾರು ಭಾನುವಾರ ಮಾಡುವವರು ಒಂದು ಡಬ್ಬಿ ಜಾಸ್ತಿ ಮಾಡಿ ಫ್ರೀಜರಿಗೆ ಹಾಕಿಡಿ. ಬುಧವಾರ ಬೆಳಿಗ್ಗೆ ಫ್ರಿಜ್ಜಿಗೆ ಇಳಿಸಿಟ್ಟು ಹೋದರೆ ಸಂಜೆ ಕುದಿಸುವುದಷ್ಟೇ ಕೆಲಸ.

ಒಂದು ವರ್ಷ ತುಂಬದ ಮಗುವಿಗೂ ಇದೇ ಊಟ ನಡೆಯುತ್ತಾ?

ಆರು ತಿಂಗಳ ಮೇಲೆ ಬೇಳೆ, ಅನ್ನ, ಬೆಂದ ತರಕಾರಿಯನ್ನು ಕಿವುಚಿ ಕೊಡಬಹುದು. ನೀರು ನೀರಾಗಿ ಬೇಡ, ಚಮಚದಿಂದ ಜಾರದಷ್ಟು ಗಟ್ಟಿ ಇರಲಿ. ವರ್ಷ ತುಂಬುವ ತನಕ ಉಪ್ಪು, ಸಕ್ಕರೆ ಹಾಕಬೇಡಿ. ಜೇನುತುಪ್ಪವನ್ನಂತೂ ನೆಕ್ಕಿಸಲೂ ಬೇಡಿ, ಅಜ್ಜಿ ಎಷ್ಟೇ ಹೇಳಿದರೂ ಸರಿ. ಮಿಕ್ಕಿದ್ದನ್ನು ನಿಮ್ಮ ಮಗುವಿನ ಡಾಕ್ಟರನ್ನೇ ಕೇಳಿ.

ಯಜಮಾನರು ಅಡುಗೆಮನೆಗೆ ಕಾಲಿಡಲ್ಲ. ಏನು ಮಾಡೋದು?

"ಸ್ವಲ್ಪ ಸಹಾಯ ಮಾಡಿ" ಅಂತ ಕೇಳಬೇಡಿ. ಸಹಾಯ ಅಂದರೆ ಈರುಳ್ಳಿ ಎಲ್ಲಿದೆ, ಎಷ್ಟು ಹೆಚ್ಚಲಿ, ಯಾವ ಚಾಕು ಅಂತ ಮೂರು ಪ್ರಶ್ನೆ ಬರುತ್ತವೆ. ಅದಕ್ಕಿಂತ ನಾವೇ ಹೆಚ್ಚಿಕೊಳ್ಳುವುದು ಬೇಗ. ಒಂದಿಡೀ ದಿನವನ್ನೇ ಬಿಟ್ಟುಕೊಡಿ. ನಮ್ಮ ಮನೆಯಲ್ಲಿ ಮಂಗಳವಾರ, ಗುರುವಾರ ಅವರದು. ಏನು ಮಾಡಬೇಕು, ಸಾಮಾನು ಇದೆಯಾ, ಆಮೇಲೆ ಒಲೆ ಕಟ್ಟೆ ಒರೆಸುವುದು, ಎಲ್ಲ ಅವರ ತಲೆನೋವು. ಆ ಎರಡು ದಿನ ನಾನು ಮಕ್ಕಳ ಜೊತೆ ಕೋಣೆಯಲ್ಲಿ. ಏನು ಸದ್ದು ಬಂದರೂ ಎದ್ದು ಹೋಗಲ್ಲ.

ಮೊದಲ ತಿಂಗಳು ದೋಸೆ ಭೂಪಟದ ಹಾಗಿತ್ತು. ಮಕ್ಕಳಿಗೆ ಅದೇ ಇಷ್ಟ ಆಯಿತು, "ಅಪ್ಪಾ, ನನಗೆ ಆನೆ ದೋಸೆ" ಅಂತ ಕೇಳತೊಡಗಿದರು. ಅತ್ತೆ ಊರಿಂದ ಫೋನ್ ಮಾಡಿ, "ಅಂವಾ ಒಲಿ ಮುಂದ ನಿಂತಾನಂದ್ರ ನೀ ಏನ್ ಮಾಡಾಕತ್ತಿ?" ಅಂದರು. ಈಗ ಮಗ ಮಾಡುವ ಝುಣಕ ತಮ್ಮದರ ಹಾಗೇ ಆಗಿದೆ ಅಂತ ಅವರೇ ಎಲ್ಲರ ಮುಂದೆ ಹೇಳಿಕೊಳ್ಳುತ್ತಾರೆ.

ಮೊಬೈಲ್ ತೋರಿಸದೆ ಊಟ ಮಾಡಲ್ಲ.

ನಮ್ಮಲ್ಲೂ ಇತ್ತು. ಒಮ್ಮೆಲೇ ಬಿಡಿಸಲು ಹೋಗಿ ಸೋತೆವು. ಕೊನೆಗೆ ಕೆಲಸ ಮಾಡಿದ್ದು ಎಲ್ಲರೂ ಒಟ್ಟಿಗೆ ನೆಲದ ಮೇಲೆ ಕೂತು ಉಣ್ಣುವುದು. ದೊಡ್ಡವರ ಫೋನೂ ಕೋಣೆಯಲ್ಲಿ. ಚಿಕ್ಕವನಿಗೆ ಅವನದೇ ತಟ್ಟೆ, ಅವನದೇ ಕೈ. ಅರ್ಧ ನೆಲಕ್ಕೆ ಬೀಳುತ್ತದೆ. ಹಳೇ ನ್ಯೂಸ್‌ಪೇಪರ್ ಹಾಸಿ.

ಕುಕ್ಕರ್ ಕೂಗಲೇ ಇಲ್ಲ, ಏಳೂವರೆ ಆಗಿದೆ, ಮಕ್ಕಳು ಹಸಿದಿದ್ದಾರೆ. ಈಗ?

ಮೊದಲು ಒಲೆ ಆರಿಸಿ. ಮುಚ್ಚಳದ ಅಂಚಿನಿಂದ ಆವಿ ಸೋರುತ್ತಿದ್ದರೆ ಗ್ಯಾಸ್ಕೆಟ್ ಸಡಿಲ ಆಗಿದೆ, ಇಲ್ಲಾ ಹಾಕುವುದನ್ನೇ ಮರೆತಿದ್ದೀರಿ. ಆವಿ ಪೂರ್ತಿ ಇಳಿದ ಮೇಲೆ ಮುಚ್ಚಳ ತೆಗೆದು, ಗ್ಯಾಸ್ಕೆಟನ್ನು ತಣ್ಣೀರಲ್ಲಿ ಅದ್ದಿ ಮತ್ತೆ ಕೂರಿಸಿ. ತಳದಲ್ಲಿ ನೀರು ಆರಿದೆಯಾ ನೋಡಿ, ಆರಿದ್ದರೆ ಬಿಸಿನೀರು ಹಾಕಿ. ವೆಯ್ಟ್ ಕೂರುವ ಕೊಳವೆಯ ತೂತಿನಲ್ಲಿ ಬೇಳೆ ಸಿಪ್ಪೆ ಸಿಕ್ಕಿದ್ದರೂ ಕೂಗುವುದಿಲ್ಲ, ಬೆಳಕಿಗೆ ಹಿಡಿದರೆ ಗೊತ್ತಾಗುತ್ತದೆ. ಆ ತೂತು ಸ್ವಚ್ಛ ಆಗದೆ ಮತ್ತೆ ಒಲೆಗಿಡಬೇಡಿ. ಗ್ಯಾಸ್ಕೆಟ್ ಗಟ್ಟಿಯಾಗಿ ಬಿರುಕು ಬಿಟ್ಟಿದ್ದರೆ ಇವತ್ತು ಏನು ಮಾಡಿದರೂ ಆಗಲ್ಲ.

ಅಂಥ ದಿನಕ್ಕೆ ಅಂತಲೇ ನಮ್ಮ ಮನೆಯಲ್ಲಿ ಗಟ್ಟಿ ಅವಲಕ್ಕಿ, ಒಂದು ಬಾಟಲಿ ಗೊಜ್ಜು ಇರುತ್ತದೆ. ಅಡುಗೆಮನೆಯ ಎರಡನೇ ಡ್ರಾಯರಿನಲ್ಲಿ, ಬೆಂಕಿಪೊಟ್ಟಣದ ಪಕ್ಕ, ಪ್ಯಾಕೆಟ್ ಒಡೆಯದ ಹೊಸ ಗ್ಯಾಸ್ಕೆಟ್ ಕೂಡ ಇದೆ. ಸರಿಯಾದ ಸೈಜಿನದು. ಮೊದಲ ಸಲ ಮೂರು ಲೀಟರಿನದು ತಂದಿಟ್ಟಿದ್ದೆ. ಅದು ಗೊತ್ತಾಗಿದ್ದು ಬೇಕಾದ ದಿನವೇ.